ದೆವ್ವ ಯಾವ ದೇಶದ್ದಾದರೇನು, ಮಾಡಿದ ಕೈ ಯಾರದು?

ಅಕ್ಟೋಬರ್ 31 ಹತ್ತಿರ ಬಂತೆಂದರೆ ನಮ್ಮ ಡೊಂಬಿವಲಿಯ ಸೊಸೈಟಿಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಹ್ಯಾಲೋವೀನ್ ಬೇಕು. ಆನ್‌ಲೈನಿನಲ್ಲಿ ಅಸ್ಥಿಪಂಜರ, ಪ್ಲಾಸ್ಟಿಕ್ ಕುಂಬಳಕಾಯಿ, ಬ್ಯಾಟರಿ ಹಾಕಿದರೆ ಕಿರುಚುವ ಮಾಟಗಾತಿಯನ್ನು ತರಿಸುತ್ತಾರೆ, ಲಾಬಿಯಲ್ಲಿ ತೂಗುಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಪಕ್ಷಕ್ಕೆ ಅದು ಬೇಡ. ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ. ಬರೆದವರು ಗಣಪತಿಗೆ ರೆಡಿಮೇಡ್ ಮಖರ, ದೀಪಾವಳಿಗೆ ರೆಡಿಮೇಡ್ ಕಂದೀಲು, ಮಕ್ಕಳಿಗೆ ರೆಡಿಮೇಡ್ ಕಿಲ್ಲೆ ಕೊಂಡು ತರುತ್ತಾರೆ. ಹೊರಗೆ ಎಷ್ಟೇ ಜಗಳವಾಡಲಿ, ಈ ಎರಡೂ ಪಕ್ಷದವರು ಒಂದೇ ಅಂಗಡಿಯ ಗಿರಾಕಿಗಳು. ಹಬ್ಬ ಯಾವ ದೇಶದ್ದು ಅನ್ನುವ ಪ್ರಶ್ನೆಗಿಂತ, ಹಬ್ಬಕ್ಕೆ ಬೇಕಾದ್ದನ್ನು ಮಾಡಿದ್ದು ಯಾರು ಅನ್ನುವ ಪ್ರಶ್ನೆ ದೊಡ್ಡದು ಎಂದು ನನಗನ್ನಿಸುತ್ತದೆ. ಅದನ್ನು ಇಲ್ಲಿ ಸ್ವಲ್ಪ ಜೋರಾಗಿಯೇ ಕೇಳುತ್ತೇನೆ.

ಯಾಕೆ ಕೇಳುತ್ತೇನೆಂದರೆ, ಕಳೆದ ವರ್ಷ ನಮ್ಮ ಕಟ್ಟಡದ ಏಳು ಮಕ್ಕಳು ಪಾರ್ಕಿಂಗಿನ ಒಂದು ಮೂಲೆಯಲ್ಲಿ ದೆವ್ವದ ದೇಖಾವೆ ಕಟ್ಟಿದರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಸ್ಪ್ಯಾನರ್ ಕೊಟ್ಟವನು, ಅಷ್ಟೇ. ಕುರ್ಲಾದ ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು, 12 ವೋಲ್ಟಿನದು. ಅದು ನಿಮಿಷಕ್ಕೆ ನಲವತ್ತು ನಲವತ್ತೈದು ಸುತ್ತು ತಿರುಗುತ್ತದೆ. ದೆವ್ವಕ್ಕೆ ಅಷ್ಟು ಅವಸರ ಸಲ್ಲದು. ಹಾಗಾಗಿ ಮೋಟಾರಿಗೆ 2 ಇಂಚಿನ ರಾಟೆ ಹಾಕಿ, ಬೆಲ್ಟು ಎಳೆದು, ಮಕ್ಕಳ ಸೈಕಲ್ಲಿನ 16 ಇಂಚಿನ ರಿಮ್ಮು ತಿರುಗಿಸಿದರು. ಎಂಟು ಸುತ್ತಿಗೆ ಒಂದು ಸುತ್ತು. ರಿಮ್ಮಿನ ನಡುವಿನಿಂದ 6 ಇಂಚು ದೂರಕ್ಕೆ ಒಂದು ಬೋಲ್ಟು, ಅದಕ್ಕೊಂದು ಕೋಲು, ಕೋಲಿನ ತುದಿಗೆ ಹಳೆಯ ಬಿಳಿ ಸೀರೆಯುಟ್ಟ ದೆವ್ವ. ಹನ್ನೊಂದು ಹನ್ನೆರಡು ಸೆಕೆಂಡಿಗೊಮ್ಮೆ ಅದು ಒಂದಡಿ ಮೇಲೆದ್ದು ಕೆಳಗಿಳಿಯುತ್ತಿತ್ತು. ಮೇಲೆ ಬಂದಾಗ ಒಂದು ಕ್ಷಣ ತಡೆದು ನಿಂತಂತೆ ಕಾಣುತ್ತಿತ್ತು. ‘ಕಾಕಾ, ಅದು ಯಾಕೆ ಅಲ್ಲಿ ನಿಲ್ಲುತ್ತದೆ?’ ಎಂದು ಎಂಟನೆಯ ಕ್ಲಾಸಿನ ಹುಡುಗಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳೇ ಕಾಗದದ ಮೇಲೆ ವೃತ್ತ ಬರೆದು, ಬೋಲ್ಟು ತುದಿಗೆ ಬಂದಾಗ ಮೇಲಕ್ಕೆ ಹೋಗುವುದು ಕಡಿಮೆಯಾಗಿ ಅಡ್ಡಕ್ಕೆ ಹೋಗುವುದು ಹೆಚ್ಚಾಗುತ್ತದೆ ಎಂದು ಕಂಡುಕೊಂಡಳು. ಯಾವ ಕೋಚಿಂಗ್ ಕ್ಲಾಸಿನ ಫೀಸು ಕಟ್ಟಿದರೂ ಇಂಥ ಪ್ರಶ್ನೆ ಮಗುವಿನ ಬಾಯಿಂದ ತಾನಾಗಿ ಬರುವುದಿಲ್ಲ.

ದೆವ್ವದ ಮುಂದೆ ರಟ್ಟಿನ ಬಾಗಿಲು. ದೆವ್ವ ತುದಿಗೆ ಬಂದಾಗ ಕೋಲು ಒಂದು ಲಿಮಿಟ್ ಸ್ವಿಚ್ಚನ್ನು ಒತ್ತುತ್ತಿತ್ತು, ಬಾಗಿಲ ಮೇಲೆ ಕೆಂಪು ಅಕ್ಷರ ಹೊತ್ತಿಕೊಳ್ಳುತ್ತಿತ್ತು: ‘ನಾಳೆ ಬಾ’. ಓದಿದ ದೆವ್ವ ಕೆಳಗಿಳಿಯುತ್ತಿತ್ತು. ಮಕ್ಕಳಿಗೆ ಇದು ಗೊತ್ತಿದ್ದದ್ದು 2018ರ ‘ಸ್ತ್ರೀ’ ಎಂಬ ಹಿಂದಿ ಸಿನಿಮಾದಿಂದ. ಅಲ್ಲಿ ಗೋಡೆಯ ಮೇಲೆ ‘ಓ ಸ್ತ್ರೀ ಕಲ್ ಆನಾ’ ಎಂದು ಬರೆಯುತ್ತಾರೆ. ಅದರ ಮೂಲ ಕರ್ನಾಟಕದ್ದು, 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲು ಬಾಗಿಲಿಗೂ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು ಎಂದು ಹೇಳಿದೆ. ಪರಿಣಾಮ ಏನಾಯಿತು ಗೊತ್ತೇ? ಮರಾಠಿ, ಗುಜರಾತಿ, ಮಲಯಾಳಿ ಮನೆಯ ಮಕ್ಕಳು ಆ ಮೂರು ಕನ್ನಡ ಅಕ್ಷರ ಬರೆಯಲು ಕಲಿತರು. ಕನ್ನಡದ ಮನೆಯ ಇಬ್ಬರು ಮಕ್ಕಳೂ ಮೊದಲ ಸಲ ಕಲಿತದ್ದು ಅವತ್ತೇ.

ಸಂಜೆ ಏಳಕ್ಕೆ ಸೊಸೈಟಿ ಕಮಿಟಿಯವರು ಬಂದು ಬಂದ್ ಮಾಡಿಸಿದರು. ಕಾರಣ ಎರಡು ಕೊಟ್ಟರು: ಸಂಸ್ಕೃತಿ ಮತ್ತು ಕರೆಂಟು. ಎರಡಕ್ಕೂ ಉತ್ತರ ಕೊಡಬೇಕಾದದ್ದು ನನ್ನ ಕರ್ತವ್ಯ.

ಮೊದಲು ಕರೆಂಟು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಮಕ್ಕಳ ಕೈಗೆ 230 ವೋಲ್ಟು ಎಂದೂ ಕೊಡಬಾರದು. ಅದಕ್ಕೇ ಇಡೀ ದೇಖಾವೆ 12 ವೋಲ್ಟಿನಲ್ಲಿತ್ತು, ಅಡಾಪ್ಟರ್ ಗೋಡೆಯ ಮೇಲೆ ಎತ್ತರದಲ್ಲಿತ್ತು, ಫ್ಯೂಸ್ ಇತ್ತು, ರಿಮ್ಮಿಗೂ ಬೆಲ್ಟಿಗೂ ಬೆರಳು ಸಿಕ್ಕದಂತೆ ಜಾಳಿಗೆ ಇತ್ತು. ಮೋಟಾರು, ದೀಪ ಎಲ್ಲ ಸೇರಿ 60 ವ್ಯಾಟಿನೊಳಗೆ. ಹಳೆಯ ಸೀಲಿಂಗ್ ಫ್ಯಾನ್ ಒಂದು 75 ವ್ಯಾಟ್ ಎಳೆಯುತ್ತದೆ. ಅದೇ ಪಾರ್ಕಿಂಗಿನಲ್ಲಿ ಗಣಪತಿ ಕೂರಿಸಿದಾಗ 500 ವ್ಯಾಟಿನ ಹ್ಯಾಲೋಜನ್‌ಗಳು, ಇನ್ಸುಲೇಶನ್ ಟೇಪು ಸುತ್ತಿದ ವೈರುಗಳು ಹತ್ತು ದಿನ ನೆಲದ ಮೇಲೆ ಬಿದ್ದಿದ್ದವು. ಆಗ ಯಾರಿಗೂ ಕರೆಂಟಿನ ಭಯವಾಗಲಿಲ್ಲ. ಬಾಡಿಗೆಗೆ ತಂದ ಡೆಕೋರೇಟರನ ವೈರಿನಲ್ಲಿ ಹರಿಯುವ ಕರೆಂಟು ಸುರಕ್ಷಿತ, ಮಕ್ಕಳು ತಿಳಿದು ಜೋಡಿಸಿದ್ದರಲ್ಲಿ ಹರಿಯುವುದು ಅಪಾಯ ಎಂಬ ವಿಜ್ಞಾನ ನನಗೆ ಅರ್ಥವಾಗಿಲ್ಲ.

ಇನ್ನು ಸಂಸ್ಕೃತಿ. ಹ್ಯಾಲೋವೀನ್ ಅಮೆರಿಕದ್ದು ಅನ್ನುತ್ತಾರೆ. ಅದು ಅಮೆರಿಕಕ್ಕೂ ಹೊರಗಿನಿಂದಲೇ ಬಂದದ್ದು. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕ ಸೇರಿದರು. ಅಲ್ಲಿ ಸಿಕ್ಕಿದ್ದು ಕುಂಬಳಕಾಯಿ. ಗಡ್ಡೆಗಿಂತ ದೊಡ್ಡದು, ಕೊರೆಯಲು ಸುಲಭ. ಹೊಸ ಊರಿನ ತರಕಾರಿಯಲ್ಲಿ ಹಳೆಯ ಊರಿನ ದೀಪ ಹಚ್ಚಿದರು. ಹೊಟ್ಟೆಪಾಡಿಗೆ ಊರು ಬಿಟ್ಟವರ ಹಬ್ಬ ಅದು. ಗಂಟುಮೂಟೆ ಕಟ್ಟಿಕೊಂಡು ಮುಂಬಯಿ ರೈಲು ಹತ್ತಿದವರ ಮಕ್ಕಳಾದ ನಮಗೆ ಅದು ಅರ್ಥವಾಗದೆ ಹೋದರೆ ಮತ್ಯಾರಿಗೆ ಅರ್ಥವಾಗಬೇಕು?

ನಮ್ಮಲ್ಲಿ ದೆವ್ವಕ್ಕೇನು ಬರವೇ? ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ ಇಲ್ಲದ ಬಾಲ್ಯ ಯಾವ ಕನ್ನಡಿಗನದು? ನರಕ ಚತುರ್ದಶಿಯ ಬೆಳಿಗ್ಗೆ ನಮ್ಮ ಮರಾಠಿ ನೆರೆಯವರು ಕಾರೀಟ್ ಎಂಬ ಕಹಿಕಾಯಿಯನ್ನು ನರಕಾಸುರನೆಂದು ಭಾವಿಸಿ ಕಾಲಿನಲ್ಲಿ ಮೆಟ್ಟುತ್ತಾರೆ. ಗೋವೆಯಲ್ಲಿ ಹುಡುಗರು ಹುಲ್ಲು, ಕಾಗದ, ಬಿದಿರಿನಿಂದ ಆಳೆತ್ತರಕ್ಕೂ ಮಿಕ್ಕ ನರಕಾಸುರರನ್ನು ಕಟ್ಟಿ, ರಾತ್ರಿಯೆಲ್ಲ ಮೆರೆಸಿ, ಬೆಳಗಾಗುವ ಮುಂಚೆ ಸುಡುತ್ತಾರೆ. ಕೋರೆಹಲ್ಲಿನ ಮುಖ ಮಾಡಿ, ದೀಪ ಹಚ್ಚಿ, ಹೆದರಿ, ನಕ್ಕು, ಹೆದರಿಕೆಯನ್ನು ಸುಟ್ಟುಬಿಡುವುದು ನಮಗೆ ಹೊಸತಲ್ಲ. ಅದೂ ಆಶ್ವಯುಜ ಮಾಸದಲ್ಲೇ, ಹೆಚ್ಚುಕಡಿಮೆ ಇದೇ ದಿನಗಳಲ್ಲಿ.

ಕೈಯಲ್ಲಿ ಕಟ್ಟಿದ, ದೀಪ ಹೊತ್ತುವ, ಅಲುಗಾಡುವ ಗೊಂಬೆಗಳ ದೃಶ್ಯಕ್ಕೆ ಮರಾಠಿಯಲ್ಲಿ ಹೆಸರೇ ಇದೆ: ‘ಹಲತಾ ದೇಖಾವಾ’. 1893ರಲ್ಲಿ ಗಿರಗಾಂವಿನ ಕೇಶವಜಿ ನಾಯಕ್ ಚಾಳಿನಲ್ಲಿ ಮುಂಬಯಿಯ ಸಾರ್ವಜನಿಕ ಗಣೇಶೋತ್ಸವ ಶುರುವಾಯಿತು. ಮುಂದೆ ಮಿಲ್ಲಿನ ಫಿಟ್ಟರು, ರೈಲ್ವೆ ವರ್ಕ್‌ಶಾಪಿನ ವೈರ್‌ಮನ್ನು ಕೆಲಸ ಮುಗಿಸಿ ಬಂದು ರಾತ್ರಿ ಇಂಥ ದೇಖಾವೆ ಕಟ್ಟಿದರು. ಕಂಪ್ಯೂಟರ್ ಚಿಪ್ಪು ಇಲ್ಲದ ಕಾಲದಲ್ಲಿ ದೀಪ ಓಡಿಸುತ್ತಿದ್ದದ್ದು ಹೇಗೆ? ಮರದ ಉರುಳೆಯೊಂದರ ಮೇಲೆ ತಾಮ್ರದ ಪಟ್ಟಿಗಳನ್ನು ಹೆಚ್ಚುಕಮ್ಮಿ ಉದ್ದಕ್ಕೆ ಬಡಿಯುತ್ತಿದ್ದರು. ಸಣ್ಣ ಮೋಟಾರು ಉರುಳೆ ತಿರುಗಿಸುತ್ತಿತ್ತು. ಯಾವ ಪಟ್ಟಿ ಯಾವ ಸ್ಪ್ರಿಂಗಿಗೆ ಯಾವಾಗ ತಾಗಬೇಕೋ ಆಗ ಆ ದೀಪ ಹೊತ್ತುತ್ತಿತ್ತು. ಪಟ್ಟಿಯ ಉದ್ದವೇ ಪ್ರೋಗ್ರಾಮು. ಇವತ್ತು ಹತ್ತನೆಯ ಮಾಳಿಗೆಯ ಹುಡುಗ ಕೋಡಿಂಗ್ ಕ್ಲಾಸಿನಲ್ಲಿ ಕಲಿಯುವುದನ್ನು ಅವತ್ತು ಚಾಳಿನ ಹುಡುಗ ತಾಮ್ರ ಕತ್ತರಿಸಿ ಕಲಿಯುತ್ತಿದ್ದ.

ಇದರಲ್ಲಿ ಕನ್ನಡದ ಪಾಲು ಇನ್ನೂ ಹಳೆಯದು. ತೊಗಲುಗೊಂಬೆ ಅಂದರೆ ಏನು? ಬಿಳಿ ಬಟ್ಟೆ, ಹಿಂದೊಂದು ದೀಪ, ನಡುವೆ ಬಣ್ಣದ ತೊಗಲು, ಅದನ್ನಾಡಿಸುವ ಕೈ. ಆ ಆಟವಾಡುವ ಕಿಳ್ಳೇಕ್ಯಾತರು ಮನೆಯೊಳಗೆ ಆಡುವುದು ಮರಾಠಿ ಬೆರೆತ ಮಾತು, ಪರದೆಯ ಮುಂದೆ ಹಾಡುವುದು ಕನ್ನಡದಲ್ಲಿ. ನಮ್ಮ ಪಾಡು ಅದರ ತಿರುಗುಮುರುಗು: ಒಳಗೆ ಕನ್ನಡ, ಹೊರಗೆ ಮರಾಠಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಗಾಂಧೀಜಿಯ ಕಥೆ ಆಡಿಸಿದರು. ರಾಮಾಯಣದ ಪರದೆಯ ಮೇಲೆ ಗಾಂಧಿ ಬರುವುದು ಸಂಸ್ಕೃತಿಯಲ್ಲ ಎಂದು ಅವರನ್ನು ಯಾರೂ ತಡೆಯಲಿಲ್ಲ. ಕೈಗೆ ಕಸುಬು ಗೊತ್ತಿದ್ದರೆ ಹೊಸ ಕಥೆ ಬಂದರೂ ಅಂಜಬೇಕಾಗಿಲ್ಲ.

ಅಂಜಬೇಕಾದದ್ದು ಕಸುಬು ಹೋದಾಗ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಥರ್ಮೋಕೋಲ್ ಅಲಂಕಾರವನ್ನೂ ನಿಷೇಧಿಸಿತು. ಒಳ್ಳೆಯದೇ ಆಯಿತು. ರಟ್ಟು, ಬಿದಿರು, ಬಟ್ಟೆ, ಕಾಗದಕ್ಕೆ ಕೈ ಮರಳುವ ಕಾಲ ಬಂತು ಎಂದು ನಾನು ಹಿಗ್ಗಿದೆ. ಸುತ್ತಲಿನ ಮಂಡಲಗಳು ಮಾಡಿದ್ದೇನು? ಬಾಡಿಗೆಯ ಎಲ್‌ಇಡಿ ಗೋಡೆ ತಂದು ನಿಲ್ಲಿಸಿದವು. ಅದರಲ್ಲಿ ಪೆನ್‌ಡ್ರೈವಿನ ಜಲಪಾತ ಧುಮ್ಮಿಕ್ಕುತ್ತದೆ. ಅದನ್ನು ನೋಡಿದ ಯಾವ ಹುಡುಗನೂ ಹಿಂದೆ ಹೋಗಿ ಬಗ್ಗಿ ನೋಡುವುದಿಲ್ಲ. ಹಲತಾ ದೇಖಾವೆಯ ಹಿಂದೆ ಯಾವಾಗಲೂ ನಾಲ್ಕು ಹುಡುಗರು ಬಗ್ಗಿ ನಿಂತಿರುತ್ತಿದ್ದರು. ಮುಂದಿನವರು ದೇವರನ್ನು ನೋಡುತ್ತಿದ್ದರು, ಹಿಂದಿನವರು ಬೆಲ್ಟು ನೋಡುತ್ತಿದ್ದರು.

ಹ್ಯಾಲೋವೀನ್ ಪಕ್ಷದ ಗೆಳೆಯರಿಗೂ ಒಂದು ಮಾತು. ನೀವು ತರಿಸುವ ಕಿರುಚುವ ಮಾಟಗಾತಿಯ ಹೊಟ್ಟೆ ಬಿಚ್ಚಿ ನೋಡಿ. ಒಂದು ಪುಟ್ಟ ಮೋಟಾರು, ಒಂದು ಸ್ಪೀಕರು, ಎರಡು ಕೆಂಪು ಎಲ್‌ಇಡಿ. ಎರಡನೆಯ ವರ್ಷ ಅದು ಕಸದ ಗಾಡಿಯಲ್ಲಿರುತ್ತದೆ. ಅಮೆರಿಕದಲ್ಲಿ ಈ ಹಬ್ಬದ ಹುಚ್ಚು ಹಿಡಿದವರು ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಕೂತು, ಇದೇ ವೈಪರ್ ಮೋಟಾರಿನಿಂದಲೇ ಎದ್ದು ಕೂರುವ ಹೆಣ ಮಾಡುತ್ತಾರೆ. ಒಂದೊಂದು ದೀಪವನ್ನೂ ಹಾಡಿನ ತಾಳಕ್ಕೆ ಕೂರಿಸುತ್ತಾರೆ. ಅನುಕರಣೆಯೇ ಮಾಡುವುದಾದರೆ ಅವರ ದುಡಿಮೆಯನ್ನು ಅನುಕರಿಸಿ. ಬರೀ ಅವರ ಕಸವನ್ನು ಯಾಕೆ ತರಿಸುತ್ತೀರಿ?

ಕೊನೆಗೆ ನಮ್ಮವರಿಗೆ. ಅಕ್ಟೋಬರ್ 31ರ ಮರುದಿನ ಏನೆಂದು ನಾನು ನೆನಪಿಸಬೇಕಿಲ್ಲ: ನವೆಂಬರ್ 1, ಕನ್ನಡ ರಾಜ್ಯೋತ್ಸವ. ಹೊರನಾಡಿನ ನಾವು ಅದನ್ನು ಹೇಗೆ ಮಾಡುತ್ತೇವೆ? ಒಂದು ಫ್ಲೆಕ್ಸ್, ಒಂದು ಶಾಲು, ಮೂರು ಭಾಷಣ, ಉಪ್ಪಿಟ್ಟು. ಮಕ್ಕಳು ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಾ ಕೂತಿರುತ್ತಾರೆ. ‘ಮಕ್ಕಳಿಗೆ ಕನ್ನಡದ ಅಭಿಮಾನವಿಲ್ಲ’ ಎಂದು ನಾವು ವೇದಿಕೆಯ ಮೇಲೆ ಮರುಗುತ್ತೇವೆ. ಅವರಿಗೆ ಮಾಡಲು ಏನು ಕೊಟ್ಟಿದ್ದೇವೆ? ಕೇಳಲು ಕೊಟ್ಟಿದ್ದೇವೆ, ಅಷ್ಟೇ.

ಅದೇ ರಿಮ್ಮು, ಅದೇ ಮೋಟಾರು, ಅದೇ 6 ಇಂಚಿನ ಬೋಲ್ಟು ಇಟ್ಟುಕೊಳ್ಳಿ. ರಟ್ಟಿನ ಬಾಗಿಲು ತೆಗೆದು ರಟ್ಟಿನ ಬಂಡೆ ನಿಲ್ಲಿಸಿ, ಅದರಲ್ಲೊಂದು ಕಿಂಡಿ ಕೊರೆಯಿರಿ. ದೆವ್ವ ಏಳುತ್ತಿದ್ದ ಜಾಗದಿಂದ ಈಗ ಹೈದರಾಲಿಯ ಸೈನಿಕನ ತಲೆ ಏಳಲಿ. ಅದೇ ಕೋಲಿಗೆ ಇನ್ನೊಂದು ಕೋಲು ಕಟ್ಟಿದರೆ ತಲೆ ಹೊರಬಂದಾಗ ಓಬವ್ವನ ಒನಕೆ ಮೇಲಿರುತ್ತದೆ, ಒನಕೆ ಇಳಿದಾಗ ತಲೆ ಒಳಗೆ ಹೋಗುತ್ತದೆ. ಒಂದೇ ರಾತ್ರಿಯ ಕೆಲಸ. ಚಿತ್ರದುರ್ಗದ ಹೆಸರು ಕೇಳದ ಮಕ್ಕಳು ಕಿಂಡಿ ಎಷ್ಟು ಅಗಲವಿತ್ತು, ಒನಕೆ ಎಷ್ಟು ಉದ್ದವಿತ್ತು, ಓಬವ್ವ ಎಲ್ಲಿ ನಿಂತಿದ್ದಳು ಎಂದು ತಾವಾಗಿ ಕೇಳುತ್ತಾರೆ. ಅಳತೆ ಗೊತ್ತಾಗದೆ ಕಟ್ಟಲು ಬರುವುದಿಲ್ಲವಲ್ಲ!

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಆದರೆ ಬಿಡುವಂಥದ್ದಲ್ಲ. ಕಮಿಟಿಗಳಲ್ಲಿ ಕೂತಿರುವ ಕನ್ನಡಿಗರು ಈ ಸಲದ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಬೇಕು: ಪಾರ್ಕಿಂಗಿನಲ್ಲಿ ಹತ್ತಡಿ ಜಾಗ, ಒಂದು ಪ್ಲಗ್ ಪಾಯಿಂಟು, ಎರಡು ದಿನ. 31ರ ರಾತ್ರಿ ದೆವ್ವ, 1ರ ಸಂಜೆ ಓಬವ್ವ. ಸಂಘಗಳವರು ಫ್ಲೆಕ್ಸಿಗೆ ಎತ್ತಿಟ್ಟ ದುಡ್ಡನ್ನು ಮಕ್ಕಳ ಕೈಗೆ ಕೊಟ್ಟು ಲ್ಯಾಮಿಂಗ್ಟನ್ ರೋಡಿಗೆ, ಲೋಹಾರ್ ಚಾಳಿಗೆ ಕರೆದುಕೊಂಡು ಹೋಗಲಿ. ಸಂಸ್ಕೃತಿ ಹಾಳಾಗುತ್ತದೆಂದು ಹೇಳುವವರಿಗೆ ನಿಜವಾಗಿ ಆ ಚಿಂತೆಯಿದ್ದರೆ, ಅವರೂ ಬಂದು ಒಂದು ಸ್ಕ್ರೂ ಬಿಗಿಮಾಡಿ ಹೋಗಲಿ. ಸ್ಪ್ಯಾನರ್ ನಾನು ಕೊಡುತ್ತೇನೆ.