ವೇಗಕ್ಕಿಂತ ಸ್ನೇಹ ದೊಡ್ಡದು



ಸ್ಪೋರ್ಟ್ಸ್ ಕಾರು ಎಂದರೆ ಶ್ರೀಮಂತರ ಶೋಕಿ, ಅಡ್ಡಾದಿಡ್ಡಿ ಓಟ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಹಳೆಯ ಮಜ್ದಾ ಮಿಯಾಟಾ ಓಡಿಸುವ ನಾನು ಕಂಡದ್ದೇ ಬೇರೆ. 1989ರಲ್ಲಿ ಮಾರುಕಟ್ಟೆಗೆ ಬಂದ ಎರಡೇ ಸೀಟಿನ ಈ ಪುಟ್ಟ ಕಾರಿನ ತಯಾರಿಕೆ 2016ರಲ್ಲಿ ಹತ್ತು ಲಕ್ಷ ಮುಟ್ಟಿತು. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಷ್ಟರು, ನರ್ಸ್‌ಗಳೂ ನಮ್ಮ ಮಿಯಾಟಾ ಕೂಟದಲ್ಲಿದ್ದಾರೆ. ಎದುರಿಗೆ ಇನ್ನೊಂದು ಮಿಯಾಟಾ ಬಂದರೆ ಗುರುತು ಪರಿಚಯವಿಲ್ಲದಿದ್ದರೂ ಕೈಬೀಸುತ್ತೇವೆ.

ಭಾನುವಾರ ಬೆಳಿಗ್ಗೆ ಕಾಫಿಗೆ ಸೇರಿದರೆ ಬಾನೆಟ್‌ಗಳು ತೆರೆದುಕೊಳ್ಳುತ್ತವೆ. ಹಳೆಯ ಮಾಡೆಲ್‌ನ ಹೆಡ್‌ಲೈಟ್ ಮೇಲೇಳದಿದ್ದರೆ ಮೋಟಾರಿನ ತಿರುಗಣೆಯನ್ನು ಕೈಯಲ್ಲೇ ತಿರುಗಿಸಿ ಎತ್ತುವುದು, ಸೀಟಿನ ಹಿಂದೆ ಮಳೆನೀರು ಹರಿದುಹೋಗುವ ಕಿಂಡಿಯಲ್ಲಿ ಕಸ ಕಟ್ಟಿದರೆ ಬಳುಕುವ ತಂತಿ ತೂರಿಸಿ ಬಿಡಿಸುವುದು, ಇದನ್ನೆಲ್ಲ ಹಳಬರು ಹೊಸಬರಿಗೆ ಕೂತು ಕಲಿಸುತ್ತಾರೆ. ದುಡ್ಡಿನ ಮಾತೇ ಇಲ್ಲ.

ವೇಗ ಬೇಕೆನಿಸಿದವರು ಹೆಲ್ಮೆಟ್ ತೊಟ್ಟು ರೇಸ್ ಟ್ರ್ಯಾಕಿಗೆ ಹೋಗುತ್ತಾರೆ. ಊರ ರಸ್ತೆಯಲ್ಲಿ ಅಬ್ಬರಿಸುವವರಿಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಕಾರಿನ ಹುಚ್ಚಿರುವ ಬೆಂಗಳೂರಿನ ಹುಡುಗ ಹುಡುಗಿಯರಲ್ಲೂ ನನ್ನ ಮನವಿ ಇಷ್ಟೇ: ವೇಗವನ್ನು ಚೆನ್ನೈ, ಕೊಯಮತ್ತೂರಿನ ಟ್ರ್ಯಾಕುಗಳಿಗೆ ಮೀಸಲಿಡಿ, ರಜೆಯ ದಿನ ಸ್ಪ್ಯಾನರ್ ಹಿಡಿದು ಒಂದೆಡೆ ಸೇರಿ, ಒಬ್ಬರಿಗೊಬ್ಬರು ಕಲಿಸಿ.

– ಓದುಗ, ಕ್ಯಾಲಿಫೋರ್ನಿಯಾ