ಮಾಂಡ್ರೇಕನ ಪ್ರೇಮ ನನಗೆ ಒಪ್ಪಿಗೆಯಿಲ್ಲ!

ಈ ವಾರ ಸಿನಿಮಾ ಸ್ವಲ್ಪ ಪಕ್ಕಕ್ಕಿರಲಿ. ಹಳೇ ಪುಸ್ತಕದಂಗಡಿಯಲ್ಲಿ ರಟ್ಟು ಹರಿದ ಇಂದ್ರಜಾಲ ಕಾಮಿಕ್ಸ್ ಒಂದು ಸಿಕ್ತು. 1990ರಲ್ಲೇ ನಿಂತುಹೋದ ಮಾಲೆ. ಒಳಗೆ ನಮ್ಮ ಜಾದೂಗಾರ ಮಾಂಡ್ರೇಕ್! ಅದೇ ಎತ್ತರದ ಹ್ಯಾಟು, ಅದೇ ಗೆರೆ ಎಳೆದಂಥ ಮೀಸೆ. ಕೈಸನ್ನೆ ಮಾಡಿದ ಅಂದ್ರೆ ಖದೀಮನ ಕೈಲಿರೋ ಪಿಸ್ತೂಲು ಅವನ ಕಣ್ಣಿಗೇ ಹಾವು. ಪಕ್ಕದಲ್ಲಿ ಬೆಟ್ಟದಂಥ ಲೋಥಾರ್. ಇದನ್ನೆಲ್ಲ ನಂಬಿದೆ. ನಾರ್ದಾ ಬಂದ ಪುಟಗಳನ್ನು ಮಾತ್ರ ನಂಬೋಕಾಗಲಿಲ್ಲ.

ಅಮೆರಿಕದ ಲೀ ಫಾಕ್ ಈ ಕಥೆ ಶುರು ಮಾಡಿದ್ದು 1934ರಲ್ಲಿ. ನಾರ್ದಾ ಕಾಕೇನ್ ಎಂಬ ಕಲ್ಪನೆಯ ದೇಶದ ರಾಜಕುಮಾರಿ. ಮೊದಲು ಬಂದಾಗ ಮಾಂಡ್ರೇಕನನ್ನೇ ಮುಗಿಸಲು ನೋಡಿದವಳು! ಎಂಥಾ ಎಂಟ್ರಿ ನೋಡಿ. ಅದೇ ಖದರು ಉಳಿದಿದ್ದರೆ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೀತಿದ್ದೆ. ಆದದ್ದೇನು? ನಾನು ಓದಿದ ಕಥೆಗಳಲ್ಲಿ ಒಳ್ಳೇ ಗೌನು ತೊಟ್ಟು ಬರೋದು, ಹುಷಾರು ಅನ್ನೋದು, ಕಳ್ಳರ ಕೈಗೆ ಸಿಕ್ಕಿಬೀಳೋದು, ಅವನು ಬಿಡಿಸಿ ತರೋದು. ಆಮೇಲೆ ಹೊಡೆದಾಟವೇನೋ ಕಲಿತಳು, ಸರಿ. ಆದ್ರೆ ಒಂದು ಜಗಳ? ಒಂದು ಮುನಿಸು? ಹುಡುಕಿ ಸುಸ್ತಾದೆ.

ಫಾಕ್ ಅವರದೇ ಫ್ಯಾಂಟಮ್ 1977ರಲ್ಲಿ ಡಯಾನಾಳ ಕೈ ಹಿಡಿದ. ಮಾಂಡ್ರೇಕನ ಮದುವೆ 1997ರಲ್ಲಿ! ತಡ ಆಯ್ತು ಅಂತಲೋ ಏನೋ, ಮೂರು ಕಡೆ ಮೂರು ಸಲ ಶಾಸ್ತ್ರ.

ನನ್ನ ತಕರಾರು ಅದಲ್ಲ. ಕೈಯಾಡಿಸಿ ಊರನ್ನೇ ಸಮ್ಮೋಹನ ಮಾಡೋ ಆಸಾಮಿ ಇವನು. ನಾರ್ದಾ ಒಲಿದದ್ದು ಮನಸ್ಸಿನಿಂದಲೋ, ಕೈಸನ್ನೆಯಿಂದಲೋ? ಅವಳಿಗಾದರೂ ಒಂದು ರಾತ್ರಿ ಈ ಅನುಮಾನ ಬರಬೇಡವೇ?

ಯಾಕೆ ಕೇಳ್ತೀನಿ ಅಂದ್ರೆ, ಕಾಲೇಜು ದಿನಗಳಲ್ಲಿ ನಾನೂ ಕನ್ನಡಿ ಮುಂದೆ ತಿಂಗಳುಗಟ್ಟಲೆ ಆ ಕೈಸನ್ನೆ ಕಲಿತವನೇ. ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹುಡುಗಿಯ ಕಡೆ ಕಣ್ಣು ನೆಟ್ಟು, ಬೆರಳು ಚಾಚಿ ಕೈ ಬೀಸಿದೆ. ಆಕೆ ತಿರುಗಿ ನೋಡಿದಳು.

"ಯಾಕ್ರೀ, ಸೊಳ್ಳೇನಾ?" ಅಂದಳು. ಕಿಸಕ್ಕನೆ ನಕ್ಕಳು. ಬಸ್ಸು ಬಂತು, ಹತ್ತಿ ಹೋದಳು.

ಮತ್ತೆಂದೂ ಕೈ ಬೀಸಲಿಲ್ಲ. ಆ ನಗು ಮಾತ್ರ ಇವತ್ತಿಗೂ ಕಿವೀಲಿದೆ ಕಣ್ರಯ್ಯಾ, ಅದನ್ನು ನಾನೇನೂ ಮಂತ್ರ ಹಾಕಿ ತರಿಸಿದ್ದಲ್ಲ. ಅಷ್ಟು ವರ್ಷದಲ್ಲಿ ನಾರ್ದಾಳೂ ಒಂದೇ ಒಂದು ಸಲ ಮಾಂಡ್ರೇಕನಿಗೆ ಹಾಗೆ ಕೇಳಿದ್ದರೆ, ಮೂರೂ ಮದುವೆಗೆ ನಾನೇ ಅಕ್ಷತೆ ಹಾಕ್ತಿದ್ದೆ.