ಊರಿಗೆ ಬಂದದ್ದು ನೀರಿಗೆ ಬಾರದೆ?

"ಅಮೆರಿಕ, ಚೀನಾ, ರಷ್ಯಾ ಅಂತ ನಿನಗ್ಯಾಕಮ್ಮ ತಲೆಬಿಸಿ? ಮನೆ ನೋಡಿಕೊಂಡರೆ ಸಾಲದೆ?" ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರೇನಲ್ಲ. ಪೇಪರಿನ ಮೊದಲ ಪುಟ ಗಂಡಸರಿಗೆ, ಒಳಪುಟದ ಅಡುಗೆ ಅಂಕಣ ಹೆಂಗಸರಿಗೆ ಎಂಬ ಹಳೆಯ ಹಂಚಿಕೆಯನ್ನು ನಂಬಿಕೊಂಡು ಬಂದವರು. ಈ ಹಂಚಿಕೆಯ ಮೇಲೆ ನನ್ನ ತಕರಾರಿದೆ. ತೂಬಗೆರೆಯಂಥ ಹೋಬಳಿ ಊರಿನಲ್ಲಿ ಕೂತವಳಿಗೆ ಚೀನಾವನ್ನು ಬಿಟ್ಟು ಮನೆ ನೋಡಿಕೊಳ್ಳಲು ಆಗುವುದೇ ಇಲ್ಲ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಸೊಪ್ಪು ಕೊಯ್ಯುವುದು, ಹೆಚ್ಚಿ ಹಾಕುವುದು, ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸರಿರಾತ್ರಿಯಲ್ಲಿ ಎದ್ದು ಮೇವು ಕೊಡುವುದು, ಇವೆಲ್ಲ ನಮ್ಮ ಕಡೆ ಬಹುಪಾಲು ಹೆಂಗಸರ ಕೆಲಸ. ಗೂಡನ್ನು ಮಾರುಕಟ್ಟೆಗೆ ಒಯ್ಯುವುದು ಗಂಡಸರು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ದೆಹಲಿಯ ಭಾಷಣದಲ್ಲಿ ಅದು ಒಂದು ಸಾಲು. ಶಿಡ್ಲಘಟ್ಟ, ರಾಮನಗರದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿದುಬಿತ್ತು. ರೈತರು ಬೀದಿಗೆ ಬಂದರು. 2013ರಲ್ಲಿ ಸುಂಕ 15ಕ್ಕೆ ಏರಿತು, ಆಮೇಲೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15 ಆಯಿತು. ಪ್ರತಿ ಏರಿಳಿತದಲ್ಲೂ ಯಾರದೋ ಮನೆಯಲ್ಲಿ ಹಿಪ್ಪುನೇರಳೆ ತೋಟ ಇಟ್ಟುಕೊಳ್ಳುವುದೋ ಕೀಳುವುದೋ ಎಂಬ ಮಾತು ನಡೆದಿರುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ನಮ್ಮದೇ ತಾಲ್ಲೂಕಿನ ದೊಡ್ಡಬಳ್ಳಾಪುರದಲ್ಲಿ ಬೀದಿ ಬೀದಿಗೆ ವಿದ್ಯುತ್ ಮಗ್ಗದ ಸದ್ದು. ಅಲ್ಲಿಯ ನೇಕಾರನಿಗೆ ನೂಲು ಅಗ್ಗವಾಗಬೇಕು, ಅದು ಚೀನಾದ್ದಾದರೂ ಸರಿಯೆ. ಹುಳು ಸಾಕುವ ನಮಗೆ ಸುಂಕ ಏರಬೇಕು. ಇಬ್ಬರದೂ ಹೊಟ್ಟೆಪಾಡು, ಇಬ್ಬರ ಮಾತೂ ನ್ಯಾಯವೇ. ಇಂಥ ಜಗಳವನ್ನು ಎದುರುಬದುರು ಕೂತು ಬಗೆಹರಿಸಿಕೊಳ್ಳಲಿ ಎಂದೇ ಅಲ್ಲವೆ ಪ್ರಜಾಪ್ರಭುತ್ವ ಇರುವುದು? ಆದರೆ ನಮ್ಮಿಬ್ಬರನ್ನೂ ಯಾರೂ ಕೂರಿಸಿ ಕೇಳಲಿಲ್ಲ.

ಇನ್ನು ಈ ದೇಶ ದೇಶಗಳ ಸ್ನೇಹ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಚೀನಾದ ಸಾಮಾನು ಮುಟ್ಟಬೇಡಿ ಎಂಬ ಕೂಗೆದ್ದಿತು. ಅಮೆರಿಕ ನಮ್ಮ ಆಪ್ತಮಿತ್ರ ಎಂದರು. 2025ರ ಆಗಸ್ಟ್ 27ರಂದು ಅದೇ ಮಿತ್ರ ನಮ್ಮ ಸರಕಿನ ಮೇಲೆ ಶೇಕಡಾ 50 ಸುಂಕ ಹೇರಿದ. ಅದರಲ್ಲಿ ಅರ್ಧ ರಷ್ಯಾದಿಂದ ಎಣ್ಣೆ ಕೊಂಡದ್ದಕ್ಕೆ ದಂಡವಂತೆ. ಅದಾದ ನಾಲ್ಕೇ ದಿನಕ್ಕೆ ನಮ್ಮ ಪ್ರಧಾನಿ ಚೀನಾದ ತಿಯಾನ್‌ಜಿನ್‌ನಲ್ಲಿ ಕೈಕುಲುಕುತ್ತಿದ್ದರು, ಏಳು ವರ್ಷಗಳ ನಂತರ ಮೊದಲ ಸಲ.

ಕೈಕುಲುಕಿದ್ದನ್ನು ನಾನು ತಪ್ಪೆನ್ನುವುದಿಲ್ಲ. ನೆರೆಹೊರೆಯವರ ಜೊತೆ ಜಗಳವಾಡಿ ಮತ್ತೆ ಮಾತಾಡುವುದನ್ನು ನಾವು ಹೆಂಗಸರು ಕಾಣದವರೇನಲ್ಲ. ನನ್ನ ಪ್ರಶ್ನೆ ಬೇರೆ. ಎಣ್ಣೆ ಕೊಂಡವರು ಯಾರೋ, ದಂಡ ಬಿದ್ದದ್ದು ಹೊಲಿದ ಬಟ್ಟೆಯ ಮೇಲೆ. ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿಗೆ ಬೆಳಗಿನ ವ್ಯಾನು ಹತ್ತಿ ಹೋಗುವ ಹೆಣ್ಣುಮಕ್ಕಳಿಗೆ ಆ ಎಣ್ಣೆಯ ವ್ಯಾಪಾರ ಏನು, ಎಷ್ಟು ಎಂದು ಯಾರಾದರೂ ಬಿಡಿಸಿ ಹೇಳಿದರೆ? ದೇವನಹಳ್ಳಿ ಬಳಿ ತೈವಾನಿನ ಫಾಕ್ಸ್‌ಕಾನ್ ಕಂಪನಿಯ ಫೋನ್ ಕಾರ್ಖಾನೆ ಬಂದದ್ದೂ ಇಂಥದೇ ಒಂದು ಮುನಿಸಿನಿಂದ. ಅಮೆರಿಕಕ್ಕೆ ಚೀನಾದ ಮೇಲಿನ ನೆಚ್ಚಿಕೆ ಕಡಿಮೆಯಾಯಿತು, ನಮ್ಮ ಹುಡುಗಿಯರಿಗೆ ಕೆಲಸ ಸಿಕ್ಕಿತು. ಬಹಳ ಸಂತೋಷ. ಆದರೆ ಇಬ್ಬರ ಮುನಿಸಿನಿಂದ ಬಂದ ಅನ್ನ, ಅವರು ರಾಜಿಯಾದರೆ ಏನಾದೀತು ಎಂದು ಕೇಳುವುದು ಅಧಿಕಪ್ರಸಂಗವೆ?

ಸಂವಿಧಾನದಲ್ಲಿ ಒಂದು ವಿಚಿತ್ರ ಹೊಂದಿಕೆಯಿದೆ. ರಾಜ್ಯಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರಪಟ್ಟಿಯ 14ನೇ ನಮೂದು ವಿದೇಶಗಳೊಡನೆ ಒಪ್ಪಂದ. ಬೆಳೆ ನಮ್ಮ ರಾಜ್ಯದ್ದು, ಬೆಳೆಯ ಮೇಲಿನ ಒಪ್ಪಂದ ದೆಹಲಿಯದು. ಆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪಾರ್ಲಿಮೆಂಟಿನ ಒಪ್ಪಿಗೆ ಪಡೆಯಲೇಬೇಕೆಂಬ ಕಡ್ಡಾಯವೂ ನಮ್ಮಲ್ಲಿಲ್ಲ. ಡಂಕೆಲ್ ಪ್ರಸ್ತಾವದ ಕಾಲದಲ್ಲಿ, 1993ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಬೆಂಗಳೂರಿನಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಹಸಿರು ಶಾಲು ನೋಡಿ ನಕ್ಕವರು ಆಗಲೂ ಇದ್ದರು. ಆದರೆ ಕೂಗಿಗೆ ಫಲವೇ ಇಲ್ಲ ಎನ್ನಬೇಡಿ. ಆರ್‌ಸಿಇಪಿ ಎಂಬ ಒಪ್ಪಂದ ಬಂದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಸುರಿಯುತ್ತದೆಂದು ದೇಶದ ಹಾಲು ಉತ್ಪಾದಕರು ಗಲಾಟೆ ಮಾಡಿದ ಮೇಲೆ, 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಅದರಿಂದ ಹೊರಗುಳಿಯಿತು. ಡೇರಿಗೆ ಕ್ಯಾನು ಹೊತ್ತು ಹೋಗುವವರ ಮಾತು ಬ್ಯಾಂಕಾಕಿನ ತನಕ ಮುಟ್ಟಬಲ್ಲದು.

ಹಾಗಾದರೆ ಮಾತು ಎಲ್ಲಿಂದ ಹೊರಡಬೇಕು? ಮನೆಗೆ ಹತ್ತಿರದ ಸಭೆಯಿಂದ. ಅಬ್ದುಲ್ ನಜೀರ್ ಸಾಬರ ಕಾಯಿದೆಯಂತೆ 1987ರಲ್ಲಿ ನಡೆದ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ಕಾಲು ಭಾಗ ಸ್ಥಾನ ಕೊಟ್ಟಿತು, ಇಡೀ ದೇಶ ನೋಡುವ ಹಾಗೆ. 2010ರಲ್ಲಿ ಅದು ಅರ್ಧಭಾಗವಾಯಿತು. ಆ ಕುರ್ಚಿಗಳ ಗತಿ ಏನಾಯಿತು ನೋಡಿ. 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ 2022, 23, 24 ಕಳೆದವು, ಚುನಾವಣೆ ಬರಲಿಲ್ಲ. ಆಳಿದವರು ಒಂದು ಪಕ್ಷದವರಲ್ಲ, ಇಬ್ಬರೂ ಆಳಿದರು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸಭೆ ಸೇರಿದ ಸಚಿವ ಸಂಪುಟಕ್ಕೆ ನಮ್ಮ ಜಿಲ್ಲೆಯ ಹೆಸರು ಬದಲಾಯಿಸಲು ಪುರುಸೊತ್ತಿತ್ತು. ಜಿಲ್ಲೆಗೊಂದು ಚುನಾಯಿತ ಸಭೆ ಕೊಡಲು ಇರಲಿಲ್ಲ.

ಸಭೆಯಿಲ್ಲದ ಕಡೆ ಜನ ಬೀದಿಯಲ್ಲೇ ಕೂರಬೇಕಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟರು. ಅಲ್ಲಿ ವಿಮಾನ, ರಕ್ಷಣಾ ಸಾಮಗ್ರಿಗಳ ಉದ್ಯಮ ಬರುವುದೆಂದರು. 13 ಹಳ್ಳಿಗಳವರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಅವರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರೂ ಇದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟೆವೆಂದರು. ಗೆಲುವು ದೊಡ್ಡದು. ಆದರೆ "ನಮ್ಮನ್ನು ಕೇಳಿದಿರಾ?" ಎಂಬ ಒಂದು ಪ್ರಶ್ನೆಗೆ ಉತ್ತರ ಪಡೆಯಲು ಮೂರು ವರ್ಷ ಬಿಸಿಲು ಕಾಯಬೇಕೆ? ಜಿಲ್ಲಾ ಪಂಚಾಯಿತಿಗೆ ಅದನ್ನು ನಿಲ್ಲಿಸುವ ಅಧಿಕಾರವಿಲ್ಲ, ಒಪ್ಪಿದೆ. ಅಧಿಕಾರಿಯನ್ನು ಎದ್ದು ನಿಲ್ಲಿಸಿ ಕೇಳುವ ಬಾಯಿಯಾದರೂ ಇರುತ್ತಿತ್ತು.

ದೊಡ್ಡ ವಿಷಯಗಳಲ್ಲಿ ಗುಟ್ಟು ಬೇಕು, ತಜ್ಞರಿಗೆ ಬಿಡಿ ಎನ್ನುವವರಿದ್ದಾರೆ. ಗಡಿಯಲ್ಲಿ ಸೈನ್ಯ ಎಲ್ಲಿದೆ ಎಂದು ನಾವು ಕೇಳುತ್ತಿಲ್ಲ. ನೂಲಿನ ಸುಂಕ, ಹಾಲಿನ ಪುಡಿ, ಹೊಲದ ಪಹಣಿ ಯಾವ ಸೈನ್ಯದ ಗುಟ್ಟು? ಸೊಪ್ಪು ಹೆಚ್ಚುವವಳಿಗಿಂತ ಗೂಡಿನ ಖರ್ಚು ಬಲ್ಲ ತಜ್ಞ ಯಾರು?

ಪೇಟೆಯಲ್ಲಿರುವ ಅಕ್ಕತಂಗಿಯರೇ, ನಿಮ್ಮ ಸೀರೆಗೂ ಕಾಫಿಯ ಹಾಲಿಗೂ ಇದೇ ಲೆಕ್ಕ ಅಂಟಿಕೊಂಡಿದೆ. ಮುಂದಿನ ಸಲ ಕೈಮುಗಿದು ಬಾಗಿಲಿಗೆ ಬರುವವರನ್ನು ಚರಂಡಿ, ನಲ್ಲಿಯ ವಿಷಯ ಕೇಳಿ, ಖಂಡಿತ ಕೇಳಿ. ಜೊತೆಗೆ ಇನ್ನೆರಡು ಸೇರಿಸಿ: ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸದನದಲ್ಲಿ ಚರ್ಚೆಯಾಗಬೇಕೆಂದು ನೀವು ಹೇಳುತ್ತೀರಾ? ಸ್ಥಳೀಯ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಬೇಕೆಂದು ನಿಮ್ಮ ಪಕ್ಷದೊಳಗೆ ಎದ್ದು ಮಾತಾಡುತ್ತೀರಾ? ಹಳ್ಳಿಯಲ್ಲಿರುವ ನಾವು ಗ್ರಾಮಸಭೆಯಲ್ಲಿ ಕೇಳುತ್ತೇವೆ. ವರ್ಷಕ್ಕೆ ಎರಡು ಸಲವಾದರೂ ಅದನ್ನು ಕರೆಯಬೇಕೆಂದು ಕಾಯಿದೆಯೇ ಹೇಳಿದೆ. "ಇದು ಇಲ್ಲಿಯ ವಿಷಯವಲ್ಲ" ಎಂದರೆ, ಯಾವ ಸಭೆಯ ವಿಷಯವೆಂದು ಬರೆದುಕೊಡಿ ಎನ್ನೋಣ.